ಸೌದೆ ಕೊಟ್ಟ ಮನೆ

ಅಂಗಡಿಯ ಎದುರು ಪಿಕಪ್ ಗಾಡಿಯೊಂದು ಬಂದು ನಿಂತಿದೆ. ಮೈತುಂಬ ಅಕೇಶಿಯಾ ಸೌದೆ. ಡ್ರೈವರು ಗಾಡಿ ನಿಲ್ಲಿಸಿ ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದ. ಇವತ್ತು ಬೆಳಿಗ್ಗೆಯಷ್ಟೇ ಸೀಳಿದ್ದಿರಬೇಕು, ಹಸಿ ತೊಗಟೆಯ ಹುಳಿ ವಾಸನೆ ರಸ್ತೆ ದಾಟಿ ಒಳಗೆ ಬಂತು. ಕತ್ತರಿಸುತ್ತಿದ್ದ ರವಿಕೆಯ ತೋಳನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತೆ. ಅಕೇಶಿಯಾದ ಈ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ ಪೂರ್ತಿಯಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಸಾಗರದಲ್ಲಿ ನನ್ನದು ಹೊಲಿಗೆ ಅಂಗಡಿ. ಎದುರಿಗೆ ಸುಮಿತ್ರಕ್ಕ ಎನ್ನುವ ಜನ ಹಿಂದಿನಿಂದ 'ಮನೆ ಸುಮಿತ್ರಕ್ಕ' ಎನ್ನುತ್ತಾರೆ. ಹೊಲಿದು ಉಳಿಸಿದ್ದರಲ್ಲಿ ಉಳಿದವರು ಬಳೆ, ಸರ ಮಾಡಿಸಿಕೊಂಡರೆ ನಾನು ಮನೆ ಕೊಳ್ಳುತ್ತಿದ್ದೆ. ಮನೆ ಎಂದರೆ ಬಂಗಲೆಯಲ್ಲ, ಎರಡು ಕೋಣೆ, ಒಂದು ಅಡಿಗೆಮನೆಯ ಹಂಚಿನ ಮನೆಗಳು. ಅದೂ ಒಳಗೆ ಬಾಡಿಗೆಯವರು ಇರುವಂಥವು. ಅಂಥ ಮನೆಯನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಗೇಣಿ ಜಮೀನು ಉಳುವವರ ಪಾಲಾದ ಕಾಲದಿಂದ, ಕೂತವರು ಏಳುವುದಿಲ್ಲ ಎಂಬ ಹೆದರಿಕೆ ಊರವರ ತಲೆಯಲ್ಲಿ ಕೂತುಬಿಟ್ಟಿದೆ. ಗದ್ದೆಯ ಕಾಯ್ದೆ ಬೇರೆ, ಮನೆ ಬಾಡಿಗೆ ಬೇರೆ ಎಂದು ಎಷ್ಟು ಬಾಯಿ ಬಡಿದುಕೊಂಡರೂ ಕೇಳುವುದಿಲ್ಲ. ಗಿರಾಕಿ ಇಲ್ಲದೆ ಬೆಲೆ ಇಳಿದಾಗ ನಾನು ಹೋಗಿ ನಿಲ್ಲುತ್ತಿದ್ದೆ. ಗೇಣಿ ಮಾಡಿಕೊಂಡಿದ್ದ ಮನೆಯಲ್ಲಿ ಹುಟ್ಟಿದವಳಿಗೆ ಬಾಡಿಗೆಯವರೆಂದರೆ ಎಂಥ ಭಯ?

ಯಾವ ಮನೆ ಮಾರಾಟಕ್ಕಿದೆ ಎಂಬುದು ನನಗೆ ದಲ್ಲಾಳಿಗಳಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಅಳತೆ ಕೊಡುವಾಗ ಹೆಂಗಸರು ಬಾಯಿ ಮುಚ್ಚಿಕೊಂಡು ನಿಲ್ಲುವುದಿಲ್ಲವಲ್ಲ. ಮನೆ ನೋಡಲು ಹೋದರೆ ಓನರ್ರ ಹತ್ತಿರ ನಾನು ಏನನ್ನೂ ಕೇಳುತ್ತಿರಲಿಲ್ಲ. ತಲೆಯೆತ್ತಿ ಹಂಚು ನೋಡಿ, ಬಾಡಿಗೆಯವರನ್ನು ಕೇಳುತ್ತಿದ್ದೆ, ಎಲ್ಲಿ ಸೋರುತ್ತದೆ ಎಂದು. ನಾನು ಕೊಳ್ಳದೆ ವಾಪಸು ಹೋಗಲಿ ಎಂದಿದ್ದವರು ಎಲ್ಲ ಕಡೆ ಸೋರುತ್ತದೆ ಎನ್ನುತ್ತಿದ್ದರು. ಇದ್ದ ಓನರ್ರ ಕಾಟ ತಪ್ಪಿದರೆ ಸಾಕು ಎಂದಿದ್ದವರು ಎಲ್ಲೂ ಸೋರುವುದಿಲ್ಲ ಎನ್ನುತ್ತಿದ್ದರು. ಸೋರುವ ಜಾಗವನ್ನಷ್ಟೇ ತೋರಿಸುವವರು ಸಿಕ್ಕರೆ ಆ ಮನೆಯನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದೆ. ಹಾಗೆ ಮೊದಲು ಸಾಗರದಲ್ಲೇ ಒಂದು ಕೊಂಡು ಮಾರಿದೆ. ಆಮೇಲೆ ತೀರ್ಥಹಳ್ಳಿಯಲ್ಲಿ ಒಂದು, ಅದನ್ನು ಒಳಗಿದ್ದ ಬಾಡಿಗೆಯವರೇ ಕೊಂಡರು. ಮೂರನೆಯದು ಹೊಸನಗರದ್ದು.

ಹೊಸನಗರದ ಮನೆಯಲ್ಲಿ ಲಲಿತಾ ಇದ್ದಳು. ಹಲಸಿನಕಾಯಿ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುವವಳು. ಗಂಡ ಗೋಪಾಲ ಸಾಗರ ಹೊಸನಗರದ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರು. ನಾನು ಮೊದಲ ಸಲ ಹೋದಾಗ ಅವಳು ಕೋಲೊಂದನ್ನು ತಂದು ಅಡಿಗೆಮನೆಯ ಮೇಲಿನ ಎರಡು ಹಂಚು ತೋರಿಸಿ, "ಇಲ್ಲಿ, ಮತ್ತೆ ಇಲ್ಲಿ. ಗಾಳಿ ಬಂದ್ರೆ ಮಾತ್ರ ಅಕ್ಕ" ಎಂದಿದ್ದಳು. ಅದಾದ ಮೇಲೆ ಎರಡು ಮಳೆಗಾಲ ಅವಳು ನನ್ನ ಬಾಡಿಗೆಯವಳಾಗಿ ಕಳೆದಳು. ಒಂದು ದಿನವೂ ಮಾತು ಬಂದಿರಲಿಲ್ಲ.

ಹೀಗೆ ಮನೆ ಕೊಂಡು ಮಾರುತ್ತಿದ್ದ ನಾನು ಕೂತು ಹೊಲಿಯುತ್ತಿದ್ದ ಅಂಗಡಿ ಮಾತ್ರ ಬಾಡಿಗೆಯದು. ನಮ್ಮವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಅವರಿಗೆ ಲಿಂಗನಮಕ್ಕಿಯಲ್ಲಿ ಗುತ್ತಿಗೆಯ ಎಲೆಕ್ಟ್ರಿಕ್ ಕೆಲಸ, ಭಾನುವಾರ ಮನೆಗೆ ಬರುತ್ತಿದ್ದರು. "ಊರವರ ಮನೆಗೆಲ್ಲ ನೀನು ಓನರ್ರು, ನಿನ್ನ ಮೆಷಿನ್ನಿಗೆ ಶೇಷಣ್ಣ ಓನರ್ರು" ಎನ್ನುತ್ತಿದ್ದರು. ಶೇಷಣ್ಣ ಎಂದರೆ ನನ್ನ ಅಂಗಡಿ ಇರುವ ಸಣ್ಣ ಹಂಚಿನ ಕಟ್ಟಡದ ಯಜಮಾನರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೊಟ್ಟ ಜಾಗ, ಒಂದು ಸಲವೂ ಬಿಡು ಅಂದವರಲ್ಲ. ಆ ವರ್ಷ ಸಂಕ್ರಾಂತಿಯ ಮಾರನೆ ದಿನ ಎಳ್ಳು ಬೆಲ್ಲ ಹಿಡಿದುಕೊಂಡು ಬಂದವರು ಹೊರಗಿನ ಬೆಂಚಿನ ಮೇಲೆ ಕೂತು ಎಷ್ಟು ಹೊತ್ತಾದರೂ ಏಳಲಿಲ್ಲ.

"ಸುಮಿತ್ರಾ, ಅಣ್ಣತಮ್ಮಂದಿರು ಪಾಲು ಕೇಳ್ತಾ ಇದಾರೆ. ಇದನ್ನ ಮಾರ್ಲೇಬೇಕು" ಅಂದರು ಕೊನೆಗೆ. "ಮೊದಲು ನಿನ್ನ ಕೇಳ್ತಾ ಇದೀನಿ. ಮಳೆ ಹಿಡಿಯೋದ್ರೊಳಗೆ ನೀನು ತಗೊಂಡ್ರೆ ಸರಿ. ಆಮೇಲೆ ನನ್ನ ಕೈಲಿ ಇರಲ್ಲ. ಬಂದವ್ರು ನಿನ್ನ ಇಟ್ಕೋತಾರೋ ಬಿಡ್ತಾರೋ, ನಾನು ಹೆಂಗೆ ಹೇಳ್ಲಿ?"

ಅವರು ಹೋದ ಮೇಲೆ ಅಂಗಡಿಯ ಗೋಡೆಗಳನ್ನು ನೋಡುತ್ತ ಕೂತೆ. ಗಿರಾಕಿಗಳಿಗೆ ಗೊತ್ತಿರುವ ಜಾಗ ಇದು. ನನ್ನ ಕೈಕಾಲು ಗಟ್ಟಿಯಿದ್ದದ್ದೂ, ಮನೆ ನಡೆದದ್ದೂ, ನಾನು ನಾಲ್ಕು ಜನರೆದುರು ತಲೆಯೆತ್ತಿ ಮಾತಾಡುವಂತಾದದ್ದೂ ಇದರೊಳಗೇ. ಈ ವಯಸ್ಸಿನಲ್ಲಿ ಮೆಷಿನ್ನು ಹೊತ್ತುಕೊಂಡು ಇನ್ನೊಂದು ಬೀದಿಗೆ ಹೋಗಿ ಮೊದಲಿನಿಂದ ಶುರುಮಾಡುವುದು ನನ್ನಿಂದ ಆಗುವ ಮಾತಲ್ಲ. ಹೊಸನಗರದ ಮನೆ ಮಾರಿದರೆ ಅಂಗಡಿ ನನ್ನದಾಗುತ್ತದೆ. ಬೇರೆ ದಾರಿ ಇರಲಿಲ್ಲ.

ಗಿರಾಕಿ ಬೇಗ ಸಿಕ್ಕಿದರು. ಹೊಸನಗರದಲ್ಲೇ ಶಾಲೆಯಲ್ಲಿದ್ದು ನಿವೃತ್ತರಾದ ಮಂಜಪ್ಪ ಮಾಸ್ತರು. ಅವರು ನನ್ನ ಹಾಗೆ ಬಾಡಿಗೆ ಬರಲಿ ಎಂದು ಕೊಳ್ಳುವವರಲ್ಲ, ತಾವೇ ವಾಸಕ್ಕೆ ಬರುವವರು. "ಮನೆ ಖಾಲಿ ಇರ್ಬೇಕು. ಮೃಗಶಿರ ಮಳೆ ಹುಟ್ಟೋದ್ರೊಳಗೆ ಹಾಲುಕ್ಕಿಸ್ಬೇಕು" ಎಂದರು. ಕರಾರು ಮಾಡಿಕೊಂಡು ಮುಂಗಡ ಕೊಟ್ಟರು. ಮಾಸ್ತರು ಮನೆ ನೋಡಿ ಹೊರಡುವಾಗ ಹಿತ್ತಲಿನ ಕಡೆ ಕೈ ತೋರಿಸಿ, "ಆ ಅಕೇಶಿಯಾ ಮರ ಮಾತ್ರ ತೆಗೆಸಿ. ಹಂಚಿನ ಮೇಲೆ ಬೀಳ್ತದೆ" ಅಂದರು.

ಲಲಿತಾಳಿಗೆ ನಾನೇ ಹೋಗಿ ಹೇಳಿದೆ. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದೆಂಬುದು ನನ್ನ ಪದ್ಧತಿ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು. "ನಿಮ್ಮ ಮನೆ, ನೀವು ಮಾರ್ತೀರಿ. ಬೇಡ ಅನ್ನಕ್ಕೆ ನಾನ್ಯಾರು ಅಕ್ಕ? ಹುಡುಕ್ತೀವಿ" ಎಂದಳು. ಅಷ್ಟೇ. ಅಳಲಿಲ್ಲ, ಜಗಳವಾಡಲಿಲ್ಲ. ಬಸ್ಸಿನಲ್ಲಿ ಬರುವಾಗ ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಹಗುರವಾದೆ.

ಶಿವರಾತ್ರಿ ಕಳೆದ ಮೇಲೆ ಮರ ಕಡಿಯುವವನನ್ನು ಗೊತ್ತು ಮಾಡಿದೆ. ದೊಡ್ಡ ಮರ. ಸೌದೆಯನ್ನು ಸಾಗರಕ್ಕೆ ತರಿಸಿದರೆ ಗಾಡಿ ಬಾಡಿಗೆಯೇ ಸೌದೆಗಿಂತ ಹೆಚ್ಚು. ನನ್ನ ಮನೆಯಲ್ಲಿ ಗ್ಯಾಸ್ ಒಲೆ ಬಂದು ಎಷ್ಟೋ ಕಾಲವಾಯಿತು, ಸೌದೆ ತಂದು ನಾನೇನು ಮಾಡಲಿ? ಮರ ಕಡಿಯುವವನು ಫೋನು ಮಾಡಿ ಎಲ್ಲಿ ಹಾಕಲಿ ಎಂದು ಕೇಳಿದಾಗ ಕೈಯಲ್ಲಿ ಯಾರದೋ ಮದುವೆಯ ರವಿಕೆ ಇತ್ತು. ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡೇ ಹೇಳಿದೆ: "ಅಲ್ಲೇ ಲಲಿತನ ಕೊಟ್ಟಿಗೇಲಿ ಹಾಕು ಮಾರಾಯ. ಅವಳಿಗೆ ಒಲೆಗಾಗುತ್ತೆ."

ಈ ಒಂದು ಮಾತು ಹೇಳಿ ಮರೆತೂಬಿಟ್ಟೆ.

ಯುಗಾದಿ ಕಳೆದು, ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಮನೆ ಹುಡುಕಿದ್ದು ಎಲ್ಲಿಗೆ ಬಂತು ನೋಡಿಕೊಂಡು ಬರೋಣವೆಂದು ಹೊರಟೆ. ಗೋಪಾಲನ ಬಸ್ಸೇ ಸಿಕ್ಕಿತು. ಮನೆ ಬಿಡಿ ಎಂದ ಓನರ್ರ ಮುಖವನ್ನು ಯಾವ ಬಾಡಿಗೆಯವನು ನೆಟ್ಟಗೆ ನೋಡುತ್ತಾನೆ? ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಮುಂದಿನ ಸೀಟಿನಲ್ಲಿದ್ದ ಹುಡುಗರನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ದುಡ್ಡು ಚಾಚಿದರೆ ಕೈ ಹಿಂದಕ್ಕೆ ತಳ್ಳಿದ. "ಅಕ್ಕ, ನಿಮ್ಮ ಹತ್ರ ಟಿಕೆಟ್ಟಾ? ಸುಮ್ನಿರಿ" ಅಂದ. ಮುಖದ ತುಂಬ ನಗು. ಎಲ್ಲೋ ಏನೋ ಎಡವಟ್ಟಾಗಿದೆ ಎನ್ನಿಸಿತು. ಏನೆಂದು ಮಾತ್ರ ತಿಳಿಯಲಿಲ್ಲ.

ಗೇಟು ತೆಗೆದರೆ ಕಾಲಿಡಲು ಜಾಗವಿಲ್ಲ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಹಲಸಿನ ತೊಳೆ ಬೇಯುತ್ತಿತ್ತು. ಹಪ್ಪಳದ ನಡುವೆ ಕಾಲು ಹುಡುಕಿ ಹುಡುಕಿ ಇಡುತ್ತ ಹಿತ್ತಲಿನ ಕಡೆ ಹೋದೆ. ಅಲ್ಲಿ ಆ ವಾಸನೆ. ಸೌದೆ ಕೊಟ್ಟಿಗೆ ನೆಲದಿಂದ ಹಂಚಿನವರೆಗೆ ಭರ್ತಿಯಾಗಿತ್ತು. ದಪ್ಪ ಸೀಳು ಕೆಳಗೆ, ಸಣ್ಣದು ಮೇಲೆ, ಒಲೆ ಹೊತ್ತಿಸುವ ಚಕ್ಕೆ ಬೇರೆ ಮೂಟೆಯಲ್ಲಿ. ಎರಚಲು ಬಡಿಯಬಾರದೆಂದು ಪಡುವಣದ ಕಡೆಗೆ ಅಡಿಕೆ ಮರ ಸೀಳಿದ ದಬ್ಬೆಯ ತಟ್ಟಿ ಕಟ್ಟಿದ್ದರು. ಮನೆ ಬಿಡುವವರು ಯಾರಾದರೂ ಇಷ್ಟು ಅಚ್ಚುಕಟ್ಟಾಗಿ ಸೌದೆ ಒಟ್ಟುತ್ತಾರೆಯೇ?

ಲಲಿತಾ ಹಿಂದೆ ಬಂದು ನಿಂತಿದ್ದಳು. "ನೀವು ಕೊಟ್ಟ ಸೌದೆ ಅಕ್ಕ. ಒಂದು ಚಕ್ಕೆ ಹಾಳು ಮಾಡ್ಲಿಲ್ಲ. ಇವ್ರು ರಜೆ ಹಾಕಿ ಸೀಳಿದ್ರು."

"ಲಲಿತಾ, ಮನೆ ಸಿಕ್ತಾ?"

"ಯಾವ ಮನೆ?"

"ನಾನು ಸಂಕ್ರಾಂತಿ ಆದ್ಮೇಲೆ ಹೇಳಿದ್ನಲ್ಲ ಮಾರಾಯ್ತಿ!"

ಅವಳ ನಗು ಅಲ್ಲೇ ನಿಂತಿತು. ನನ್ನ ಮುಖ, ಸೌದೆ, ಮತ್ತೆ ನನ್ನ ಮುಖ ನೋಡಿದಳು. "ಸಿಕ್ಕಿತ್ತು ಅಕ್ಕ, ನಿಟ್ಟೂರಲ್ಲಿ. ಅಂಗಳ ಇತ್ತು, ಹಿತ್ಲಲ್ಲಿ ಒಲೆ ಹಾಕಕ್ಕೂ ಒಪ್ಪಿದ್ರು. ಅವ್ರಿಗೆ ನಾವು ಮಾತು ಕೊಡ್ಬೇಕು ಅನ್ನೋವಾಗ ನೀವು ಮಳೆಗಾಲಕ್ಕೆ ಸೌದೆ ಹಾಕ್ಸಿದ್ರಲ್ಲ... ಅದಕ್ಕೇ ಬೇಡ ಅಂತ ಹೇಳಿ ಕಳ್ಸಿದ್ವಿ. ಈಗ ಅಲ್ಲಿ ಬೇರೆಯವ್ರು ಬಂದಾಯ್ತು."

ನಾನು ಅಲ್ಲೇ ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ನನಗೆ ನನ್ನ ಅಮ್ಮ ನೆನಪಾದಳು. ನಾನಿನ್ನೂ ಲಂಗ ಉಡುತ್ತಿದ್ದ ಕಾಲ. ನಮ್ಮದು ಗೇಣಿ ಗದ್ದೆ, ಒಡೆಯರ ಜಾಗದಲ್ಲೇ ಮನೆ. ಬೇಸಿಗೆ ಶುರುವಾದರೆ ಅಮ್ಮನಿಗೆ ನಿದ್ದೆಯಿರುತ್ತಿರಲಿಲ್ಲ. ಒಡೆಯರು ಅಪ್ಪನನ್ನು ಕರೆದು, "ಬೆಟ್ಟಕ್ಕೆ ಹೋಗಿ ಮಳೆಗಾಲಕ್ಕೆ ಸೌದೆ ಕಡ್ಕೋ" ಎಂದರೆ ಬರುವ ವರ್ಷವೂ ನಾವು ಅಲ್ಲೇ. ಹಾಗೆನ್ನದೆ ಇದ್ದರೆ ಗಂಟುಮೂಟೆ ಕಟ್ಟಬೇಕು. ಬಾಯಿಬಿಟ್ಟು ಇರಿ ಎಂದಾಗಲೀ ಹೋಗಿ ಎಂದಾಗಲೀ ಯಾರೂ ಹೇಳುತ್ತಿರಲಿಲ್ಲ. ಒಂದು ವರ್ಷ ಆ ಮಾತು ಬರುವುದು ತಡವಾಗಿ, ಅಮ್ಮ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಟ್ಟಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಗೇಣಿ ಹೋಯಿತು, ಗದ್ದೆ ನಮ್ಮದಾಯಿತು, ಒಡೆಯರ ಮನೆಯವರು ಎಲ್ಲೆಲ್ಲೋ ಚದುರಿದರು. ಪದ್ಧತಿ ಮಾತ್ರ ಊರಿನಲ್ಲಿ ಉಳಿದುಕೊಂಡಿತು. ಮಳೆಗಾಲದ ಸೌದೆ ಕೊಟ್ಟವರು ಮಳೆ ಮುಗಿದು ದೀಪಾವಳಿ ಕಳೆಯುವವರೆಗೆ ಮನೆ ಬಿಡು ಅನ್ನುವ ಹಾಗಿಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಎದೆಹಾಲಿನ ಜೊತೆಗೆ ಕುಡಿದ ಸಂಗತಿ. ಗ್ಯಾಸ್ ಒಲೆಯ ಮುಂದೆ ನಿಂತು ನಿಂತು ಮರೆತೇಹೋಗಿತ್ತು.

"ಲಲಿತಾ, ನಾನು ಹಾಗಂತ ಕೊಟ್ಟಿದ್ದಲ್ಲ" ಎಂದೆ. ನನ್ನ ದನಿ ನನಗೇ ಸೇರಲಿಲ್ಲ.

"ಹಾಗಾರೆ ಹೆಂಗೆ ಕೊಟ್ಟಿದ್ದು ಅಕ್ಕ?" ಎಂದು ಅವಳು ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಬೇಯುತ್ತಿದ್ದ ತೊಳೆ ತಳ ಹಿಡಿದ ವಾಸನೆ ಬಂದು ಓಡಿಹೋದಳು. ನಾನು ಎದ್ದುಬಂದೆ.

ಆ ಭಾನುವಾರ ಮನೆಯಲ್ಲಿ ದೊಡ್ಡ ಗಲಾಟೆ. "ಕರಾರಿದೆ, ಬಿಡ್ಲಿ. ಸೌದೆ ಕೊಟ್ರೆ ಮನೆ ಬರ್ಕೊಟ್ಟ ಹಾಗಾ? ಯಾವ ಕೋರ್ಟಲ್ಲಿದೆ ಈ ಕಾನೂನು?" ಎಂದರು ನಮ್ಮವರು. ನಾನು ರೇಗಿ, "ಕೋರ್ಟಲ್ಲಿಲ್ಲ, ನಮ್ಮಮ್ಮನ ಹತ್ರ ಇತ್ತು" ಎಂದೆ. ಅವರು ತಟ್ಟೆ ಸರಿಸಿ ಎದ್ದರು. ಮತ್ತೆ ಬಾಗಿಲ ಹತ್ತಿರ ನಿಂತು, "ಹಾಗಾರೆ ಅಂಗಡಿ ಬಿಡು" ಎಂದರು. ಅಂಗಡಿ ಬಿಡಲು ನನ್ನಿಂದ ಆಗುವುದಿಲ್ಲ, ಲಲಿತಾಳಿಗೆ ಹೋಗು ಅನ್ನಲೂ ಬಾಯಿಲ್ಲ. ಉಳಿದದ್ದು ಒಂದೇ, ಅವಳಿಗೆ ನಾನೇ ಒಂದು ಮನೆ ಹುಡುಕಿಕೊಡುವುದು.

ಹೊಸನಗರ ಎಷ್ಟು ದೊಡ್ಡ ಊರು? ಬಸ್ ನಿಲ್ದಾಣದಿಂದ ತಾಲ್ಲೂಕು ಕಚೇರಿವರೆಗೆ, ಅದರಾಚೆಯ ಅಡ್ಡರಸ್ತೆಗಳಲ್ಲಿ, ಉರಿ ಬಿಸಿಲಿನಲ್ಲಿ ಕೊಡೆ ಹಿಡಿದು ಮನೆ ಮನೆಗೆ ಹೋದೆ. ಅಂಗಡಿಗೆ ಬೀಗ ಹಾಕಿ ಹೋದ ದಿನಗಳೇ ಹೆಚ್ಚು. ಒಬ್ಬರದು ಮಹಡಿ ಮನೆ. "ಸೌದೆ ಒಲೆ ಆಗಲ್ಲಮ್ಮ, ಗೋಡೆ ಕಪ್ಪಾಗತ್ತೆ" ಎಂದರು. ಇನ್ನೊಬ್ಬರು, "ಹಪ್ಪಳ ಅಂದ್ರೆ ದಿನಾ ಜನ ಬಂದು ಹೋಗಿ ಮಾಡ್ತಾರೆ, ಬೇಡ" ಎಂದರು. ಮತ್ತೊಂದು ಮನೆಯ ಯಜಮಾನಿ ಕುರ್ಚಿ ಬಿಟ್ಟು ಏಳದೆ, ಅವರು ಯಾವ ಜನ, ಏನು ತಿನ್ನುತ್ತಾರೆ, ಮಕ್ಕಳೆಷ್ಟು, ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ ಎಂದೆಲ್ಲ ಕೇಳಿದಳು. ನಾನು ಅಂಗಳದಲ್ಲಿ ನಿಂತುಕೊಂಡೇ ಒಂದೊಂದಕ್ಕೂ ಉತ್ತರ ಕೊಟ್ಟೆ. ಇಷ್ಟು ವರ್ಷ ಪ್ರಶ್ನೆ ಕೇಳುವ ಕಡೆ ಇದ್ದವಳು ನಾನು. ಗೇಟು ದಾಟಿ ಬಂದ ಮೇಲೆ ಮೈಯೆಲ್ಲ ಉರಿಯಿತು. ಆ ಹೆಂಗಸಿನ ಮೇಲೆ ಸಿಟ್ಟು, ಲಲಿತಾಳ ಮೇಲೆ ಸಿಟ್ಟು, ಆ ಹಾಳು ಅಕೇಶಿಯಾ ಮರ ನೆಟ್ಟವರ ಮೇಲೂ ಸಿಟ್ಟು.

ಗೋಪಾಲ ಈಗ ಟಿಕೆಟ್ ಹರಿದು ಕೈಗಿಡುತ್ತಿದ್ದ. ಚಿಲ್ಲರೆ ಸರಿಯಾಗಿ ಎಣಿಸಿ ಕೊಡುತ್ತಿದ್ದ, ಮಾತಿಲ್ಲ. ನನ್ನ ಪಕ್ಕ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ನಿಲ್ಲುತ್ತಿದ್ದ.

ಕೃತ್ತಿಕೆ ಮಳೆ ಒಂದೆರಡು ಸಲ ಗುಡುಗಿ ಬಿದ್ದು ಹೋಯಿತು. ಸಂಜೆಯಾದರೆ ಪಡುವಣದ ಕಡೆ ಕಪ್ಪಾಗುತ್ತಿತ್ತು. ಉಳಿದವರು ತಂಪಾಯಿತು ಎಂದು ಹೊರಗೆ ಕೂತರೆ ನನಗೆ ಮೋಡ ಕಂಡರೆ ಜೀವ ಹಾರುತ್ತಿತ್ತು. ಶೇಷಣ್ಣ ದಿನವೂ ಅಂಗಡಿಯ ಮುಂದೆ ಹಾದುಹೋಗುವಾಗ ಏನನ್ನೂ ಕೇಳುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಒಂದು ದಿನ ಮಾತ್ರ ನಿಂತು, "ತೀರ್ಥಹಳ್ಳಿ ಕಡೆಯವ್ರೊಬ್ರು ವಿಚಾರಿಸ್ತಾ ಇದಾರೆ ಸುಮಿತ್ರಾ. ನಾನಿನ್ನೂ ಹೂಂ ಅಂದಿಲ್ಲ" ಎಂದು ಹೇಳಿ ಹೋದರು. ಅವತ್ತು ಒಂದು ಪಟ್ಟೆ ರವಿಕೆಗೆ ಎಡಗೈ ತೋಳನ್ನು ಬಲಕ್ಕೆ ಹೊಲಿದೆ. ಎಷ್ಟೋ ವರ್ಷದಲ್ಲಿ ಆಗದ ತಪ್ಪು.

ಅದೇ ವಾರ ಮಾಸ್ತರ ಫೋನು ಬಂತು. "ಮನೆ ಹತ್ರ ಬನ್ನಿ. ಒಲೆ ಕಟ್ಟೋ ಜಾಗ ಒಂದ್ಸಲ ನೋಡ್ಕೊಂಡು ಬಿಡೋಣ."

ನಾನು ಹೋಗುವ ಹೊತ್ತಿಗೆ ಅವರು ಅಂಗಳದಲ್ಲಿ ನಿಂತಿದ್ದರು. ಲಲಿತಾ ಮಳೆ ಬಂದೀತೆಂದು ಹಪ್ಪಳದ ಚಾಪೆಗಳನ್ನು ಒಳಗೆ ಎಳೆಯುತ್ತಿದ್ದಳು. ಅವರು ಮನೆ ಕೊಳ್ಳುವವರೆಂದು ಅವಳಿಗೆ ಗೊತ್ತು, ಆದರೂ ಕುಡಿಯಲು ಬೆಲ್ಲ ನೀರು ತಂದಿಟ್ಟಿದ್ದಳು. ಮಾಸ್ತರು ಕೈ ಹಿಂದೆ ಕಟ್ಟಿಕೊಂಡು ಮನೆಯ ಸುತ್ತ ಒಂದು ಸುತ್ತು ಹಾಕಿದರು. ಹಿತ್ತಲಿಗೆ ಬಂದವರು ಕೊಟ್ಟಿಗೆಯ ಎದುರು ನಿಂತರು. ಸೌದೆಯನ್ನು ಮೇಲಿಂದ ಕೆಳಗೆ ನೋಡಿದರು, ಪಡುವಣದ ತಟ್ಟಿಯನ್ನೂ ನೋಡಿದರು. ಕಡಿದ ಅಕೇಶಿಯಾದ ಬೊಡ್ಡೆ ನೋಡಿದರು. ಅವರೂ ಈ ಸೀಮೆಯಲ್ಲೇ ಹುಟ್ಟಿ ಬೆಳೆದವರು.

"ಈ ಸೌದೆ ಯಾರು ಕೊಟ್ಟಿದ್ದು?" ಎಂದು ಕೇಳಿದರು. ಲಲಿತಾಳನ್ನಲ್ಲ, ನನ್ನನ್ನು.

ಲಲಿತಾ ಚಾಪೆ ಹಿಡಿದುಕೊಂಡೇ ನಿಂತಳು. ಗಾಡಿ ಬಾಡಿಗೆ ಉಳಿಸಲು ಇಲ್ಲಿ ಹಾಕಿಸಿದ್ದು, ಸೌದೆ ನನ್ನದೇ, ನಾಳೆ ಸಾಗಿಸುತ್ತೇನೆ ಎಂದರೆ ಅರ್ಧ ನಿಜವೇ ಆಗುತ್ತಿತ್ತು. ಅವಳೇ ಕೊಂಡಿದ್ದು ಎಂದರೂ ಮಾಸ್ತರು ಪೂರ್ತಿ ಕೆದಕುವವರಲ್ಲ. ಎರಡರಲ್ಲಿ ಯಾವುದನ್ನು ಹೇಳಿದ್ದರೂ ಅಂಗಡಿ ನನ್ನದು. ಅಂಗಡಿಯ ಬಾಗಿಲು, ಮೇಜು, ಗೋಡೆಯ ಕನ್ನಡಿ ಎಲ್ಲ ಕಣ್ಣೆದುರು ಬಂದವು. ಲಲಿತಾ ನನ್ನನ್ನು ಬೇಡಿಕೊಳ್ಳುವ ಹಾಗೆ ನೋಡಿದ್ದರೆ ಬಹುಶಃ ಸುಳ್ಳು ಹೇಳಿಬಿಡುತ್ತಿದ್ದೆ. ಅವಳು ಹಾಗೆ ನೋಡಲಿಲ್ಲ. ಮೊದಲ ದಿನ ಹಂಚು ತೋರಿಸುವಾಗ ಹೇಗೆ ನಿಂತಿದ್ದಳೋ ಹಾಗೇ ನಿಂತಿದ್ದಳು.

"ನಾನೇ ಕೊಟ್ಟಿದ್ದು ಮಾಸ್ತರೇ. ಶಿವರಾತ್ರಿ ಕಳೆದ ಮೇಲೆ" ಎಂದೆ.

ಮಾಸ್ತರು ಒಂದು ಸೀಳು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು. "ಸೌದೆ ಕೊಟ್ಟೂ ಮನೆ ಬಿಡು ಅಂದ್ರಾ?"

"ಯೋಚನೆ ಮಾಡ್ದೆ ಕೊಟ್ಟೆ."

"ಯೋಚನೆ ಮಾಡಿ ಕೊಟ್ರೂ, ಮಾಡ್ದೆ ಕೊಟ್ರೂ ಕೊಟ್ಟಿದ್ದು ಕೊಟ್ಟ ಹಾಗೇ ಸುಮಿತ್ರಮ್ಮ" ಎಂದರು. "ಕರಾರು ನನ್ನ ಹತ್ರ ಇದೆ. ಬಿಡ್ಸಿ ಅಂತ ಹಟ ಹಿಡಿದ್ರೆ ನೀವು ಬಿಡ್ಸಿ ಕೊಡ್ಲೇಬೇಕು. ಆದ್ರೆ ನಾನು ಈ ಊರಲ್ಲೇ ಬಾಳ್ಬೇಕು ನೋಡಿ. ಸೌದೆ ಕೊಟ್ಟ ಮನೇಲಿ ಆ ಸೌದೆ ಒಟ್ಟಿದವ್ರನ್ನ ಎಬ್ಸಿ ನಾನು ಹಾಲುಕ್ಕಿಸಲ್ಲ. ದೀಪಾವಳಿವರೆಗೆ ಕಾಯಕ್ಕೂ ನನ್ನಿಂದ ಆಗಲ್ಲ." ಬೆಲ್ಲ ನೀರು ಕುಡಿದು, ಲೋಟ ಕೆಳಗಿಟ್ಟು, ಲಲಿತಾಳಿಗೆ ಬರ್ತೀನಮ್ಮ ಎಂದು ಹೇಳಿ ಹೊರಟರು. ಅವರ ಮುಂಗಡ ಆ ವಾರವೇ ಅವರಿಗೆ ಹೋಯಿತು.

ನಾನು ದೊಡ್ಡ ಕೆಲಸ ಮಾಡಿದೆ ಎಂದು ನನಗೇನೂ ಅನ್ನಿಸಲಿಲ್ಲ. ಬಸ್ ನಿಲ್ದಾಣಕ್ಕೆ ನಡೆದು ಬರುವಷ್ಟರಲ್ಲಿ ನನ್ನ ನಾಲಿಗೆಯನ್ನು ನಾನೇ ನೂರು ಸಲ ಶಪಿಸಿದ್ದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಗೋಪಾಲ ಟಿಕೆಟ್ ಕೇಳಲು ಬಂದವನು ಕೇಳದೆ ಹಿಂದಕ್ಕೆ ಹೋದ.

ಶೇಷಣ್ಣನಿಗೆ ಆಗಲಿಲ್ಲ ಎಂದು ಹೇಳಿದೆ. ಅವರು ಬೆಂಚಿನ ಮೇಲೆ ಕೂತು, "ನಿಂಗೇ ಆಗ್ಲಿ ಅಂತಿತ್ತು ನಂಗೆ" ಎಂದು ಎರಡು ಸಲ ಹೇಳಿ ಹೋದರು. ಮಾರನೆಯ ವಾರ ತೀರ್ಥಹಳ್ಳಿಯವರು ಬಂದರು. ನಡುವಯಸ್ಸಿನವರು, ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಶೇಷಣ್ಣನ ಜೊತೆ ಅಂಗಡಿಯೊಳಗೆ ಕಾಲಿಟ್ಟರು. ಬೆಲೆಯ ಮಾತಿಲ್ಲ, ಶೇಷಣ್ಣನ ಕಡೆ ನೋಟವೂ ಇಲ್ಲ. ತಲೆಯೆತ್ತಿ ಹಂಚು ನೋಡಿದರು. ಗೋಡೆಯ ಬುಡಕ್ಕೆ ಬೆರಳ ಗಂಟಿನಿಂದ ಬಡಿದು ನೋಡಿದರು. ಅವರು ಮುಂದೆ ಏನು ಕೇಳುತ್ತಾರೆಂದು ನನಗೆ ಗೊತ್ತಾಗಿಬಿಟ್ಟಿತು. ಕುತ್ತಿಗೆಗೆ ಹಾಕಿಕೊಂಡಿದ್ದ ಟೇಪಿನ ಎರಡೂ ತುದಿ ಗಟ್ಟಿಯಾಗಿ ಹಿಡಿದುಕೊಂಡೆ.

"ಅಕ್ಕ, ಎಲ್ಲಿ ಸೋರುತ್ತೆ?"

ನನ್ನಷ್ಟು ಚೆನ್ನಾಗಿ ಈ ಪ್ರಶ್ನೆಯ ಹಿಂದುಮುಂದು ಬಲ್ಲವರು ಸಾಗರದಲ್ಲಿ ಯಾರಿದ್ದರು? ಎಲ್ಲ ಕಡೆ ಸೋರುತ್ತದೆ, ಗೋಡೆ ಕುಸಿಯುವ ಹಾಗಿದೆ ಎಂದಿದ್ದರೆ ಹೆಲ್ಮೆಟ್ ಹಾಕಿಕೊಂಡು ಹೊರಟುಬಿಡುತ್ತಿದ್ದರು. ನನಗೆ ಇನ್ನೊಂದು ಮಳೆಗಾಲ ಸಿಗುತ್ತಿತ್ತು. ಶೇಷಣ್ಣ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಅಳತೆ ಕೋಲು ತೆಗೆದುಕೊಂಡು ಎತ್ತಿ ತೋರಿಸಿದೆ. "ಇಲ್ಲೊಂದು ಹಂಚು. ಆ ಮೂಲೇಲಿ ಒಂದು. ಅಷ್ಟೇ. ಆದ್ರೆ ಮುಂದಿನ ಬಾಗಿಲು ಪಡುವಣಕ್ಕಿದೆ ನೋಡಿ, ಗಾಳಿ ಜೋರಿದ್ರೆ ಎರಚಲು ಮೆಷಿನ್ನಿನವರೆಗೂ ಹೊಡೆಯುತ್ತೆ."

ಅವರು ತಲೆಯಾಡಿಸಿದರು. ಕೊಂಡರು. ನೋಂದಣಿ ಮುಗಿದ ದಿನ ಅಂಗಡಿಗೆ ಬಂದು, ಇನ್ನು ಬಾಡಿಗೆ ತಮಗೆ ಕೊಡಬೇಕೆಂದು ಹೇಳಿದರು. ಇರಿ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ. ಹೊಸ ಬಟ್ಟೆ ಹೊಲಿಯಲು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ತೆಗೆದುಕೊಂಡು ಎಲ್ಲಿ ಕೂತು ಹೊಲಿಯಲಿ? ನೂಲಿನ ಉಂಡೆಗಳನ್ನು ಡಬ್ಬಕ್ಕೆ ತುಂಬಿದೆ. ಕನ್ನಡಿಯನ್ನು ಗೋಡೆಯಿಂದ ಇಳಿಸಿ ಹಳೆ ಸೀರೆಯಲ್ಲಿ ಸುತ್ತಿಟ್ಟೆ. ಸುತ್ತುವಾಗ ಅಮ್ಮನ ಗೋಣಿಚೀಲ ನೆನಪಾಯಿತು.

ಮೃಗಶಿರ ಹುಟ್ಟಿದ ಮಾರನೆಯ ದಿನ ಮಧ್ಯಾಹ್ನ ಮೋಡ ಕಟ್ಟಿ ಅಂಗಡಿಯೊಳಗೆ ಕತ್ತಲಾಯಿತು. ದೀಪ ಹಾಕುತ್ತಿದ್ದೆ. ಸೈಕಲ್ಲಿನಲ್ಲಿ ಗಳ ಕಟ್ಟಿಕೊಂಡು, ನೀಲಿ ಟಾರ್ಪಾಲಿನ ಸುರುಳಿ ಹೊತ್ತುಕೊಂಡು ಒಬ್ಬ ಬಂದು ಅಂಗಡಿ ಮುಂದೆ ಇಳಿಸಿದ. ಹೇಳದೆ ಕೇಳದೆ ಬೆಂಚಿನ ಮೇಲೆ ಹತ್ತಿ ಸೂರಿನ ಪಕಾಸಿಗೆ ಹಗ್ಗ ಬಿಗಿಯತೊಡಗಿದ.

"ಯಾರು ಕಳ್ಸಿದ್ದು?" ಎಂದೆ.

"ಓನರ್ರು. ತೀರ್ಥಹಳ್ಳಿಯವ್ರು. ಮಳೆಗಾಲಕ್ಕೆ ಎರಚಲು ಹೊಡೀಬಾರ್ದು ಅಂತ, ಗಟ್ಟಿ ಕಟ್ಟು ಅಂದಿದಾರೆ."

ನಾನು ಮೆಷಿನ್ನಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಅವನು ಕಟ್ಟಿ ಮುಗಿಸುವಷ್ಟರಲ್ಲಿ ಮೊದಲ ಹನಿಗಳು ಟಾರ್ಪಾಲಿನ ಮೇಲೆ ಬಿದ್ದವು. ಒಳಗೆ ಒಂದು ಹನಿ ಬರಲಿಲ್ಲ. ಲಲಿತಾಳಿಗೆ ಫೋನು ಮಾಡಿದೆ. ಮಾಸ್ತರು ಬಂದುಹೋದ ದಿನದ ನಂತರ ನಾವು ಮಾತಾಡಿರಲಿಲ್ಲ. "ಲಲಿತಾ, ಟಾರ್ಪಾಲು ಬಂತು ಕಣೇ" ಎಂದಷ್ಟೇ ಹೇಳಿದೆ. ಯಾವ ಟಾರ್ಪಾಲು, ಎಲ್ಲಿಂದ ಎಂದು ಅವಳು ಕೇಳಲೇ ಇಲ್ಲ.

"ಹಾಗಾರೆ ದೀಪಾವಳಿವರೆಗೆ ಚಿಂತೆ ಇಲ್ಲ ಬಿಡಿ ಅಕ್ಕ" ಎಂದಳು.

ಅದಾದ ಮೇಲೆ ಪ್ರತಿ ವರ್ಷ ಟಾರ್ಪಾಲು ಬರುತ್ತಿದೆ. ನಾನು ಇನ್ನೂ ಬಾಡಿಗೆಯವಳೇ. ತೀರ್ಥಹಳ್ಳಿಯವರು ಬೇರೆ ಊರಿನಲ್ಲೂ ಇಂಥ ಕಟ್ಟಡ ಕೊಂಡು ಮಾರುತ್ತಾರಂತೆ, ಇದನ್ನೂ ಮಾರುವ ಯೋಚನೆಯಿದೆ ಎಂದು ಮೊನ್ನೆ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಹೇಳಿದಳು. ಹಿಂದೆ ನಾನು ಮನೆ ಕೊಳ್ಳುತ್ತಿದ್ದದ್ದು ಇಂಥದೇ ಸುದ್ದಿ ಕೇಳಿ. ಹೊಸನಗರದ ಮನೆಯನ್ನು ಮಾರುವ ಮಾತನ್ನು ಮತ್ತೆ ನಾನು ಎತ್ತಿಲ್ಲ. ಯಾಕೆಂದು ನಮ್ಮವರು ಕೇಳುವುದನ್ನೂ ಬಿಟ್ಟಿದ್ದಾರೆ.

ಪಿಕಪ್ ಡ್ರೈವರು ಚಾ ಮುಗಿಸಿ, ಬಾಯಿ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದ. ಮೆಟ್ಟಿಲ ಮೇಲೆ ನಿಂತು, "ಅಕ್ಕ, ಹೊಸನಗರದಲ್ಲಿ ಎಲ್ಲಿ ಇಳಿಸ್ಬೇಕು ಇದನ್ನ?" ಎಂದು ಕೇಳಿದ.

"ಲಲಿತಾ ಅಂತ, ಹಪ್ಪಳದ ಲಲಿತಾ. ಬಸ್ ನಿಲ್ದಾಣದ ಹತ್ರ ಯಾರನ್ನ ಕೇಳಿದ್ರೂ ತೋರಿಸ್ತಾರೆ. ಹಿತ್ಲಲ್ಲಿ ಕೊಟ್ಟಿಗೆ ಇದೆ, ಒಳಗೇ ಹಾಕು. ಮಳೆಗಾಲದ ಸೌದೆ, ಸುಮಿತ್ರಕ್ಕ ಕಳ್ಸಿದಾರೆ ಅಂತ ಬಾಯಿಬಿಟ್ಟು ಹೇಳು, ಮರೀಬೇಡ."

ಗಾಡಿ ಹೊರಟಿತು. ವಾಸನೆ ಇನ್ನೂ ಸ್ವಲ್ಪ ಹೊತ್ತು ಅಂಗಡಿಯೊಳಗಿತ್ತು. ಎದ್ದು ಹೊಸ್ತಿಲ ಹತ್ತಿರ ನಿಂತು ಪಡುವಣದ ಕಡೆ ನೋಡಿದೆ. ಮೋಡ ಕಪ್ಪಾಗುತ್ತಿದೆ, ಪಕಾಸಿನಲ್ಲಿ ಹೋದ ವರ್ಷದ ಹಗ್ಗದ ತುಂಡು ಹಾಗೇ ನೇತಾಡುತ್ತಿದೆ. ಈ ವರ್ಷದ ಟಾರ್ಪಾಲು ಇನ್ನೂ ಬಂದಿಲ್ಲ.